ಕೆರೂರು ವಾಸುದೇವಾಚಾರ್ಯ: ಸಂಗೀತ ನಾಟಕದಿಂದ ಪತ್ತೇದಾರಿ ಕಥೆಯವರೆಗೆ

೧

ದೆಹಲಿಯ ರಂಗಾಸಕ್ತರಿಗೆ ಕನ್ನಡ ನಾಟಕವೆಂದೊಡನೆ ನೆನಪಾಗುವುದು ಗಿರೀಶ ಕಾರ್ನಾಡರ ‘ತುಘಲಕ್’. ೧೯೭೪ರಲ್ಲಿ ಇಬ್ರಾಹಿಂ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಭಗ್ನ ಗೋಡೆಗಳ ನಡುವೆ ಪ್ರಯೋಗಿಸಿದರು. ೧೯೭೭ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಮೇಲೆ ಕನ್ನಡದ ರಂಗಸಂಗೀತವೂ ಈ ನಗರಕ್ಕೆ ಪರಿಚಿತವಾಯಿತು. ಆದರೆ ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ಅವರ ಸಂಗೀತದ ಬೇರುಗಳು ವೃತ್ತಿರಂಗಭೂಮಿಯಲ್ಲಿದ್ದುವು. ರಾಜ್ಯದ ಹೊರಗೆ ಕನ್ನಡ ಸಾಹಿತ್ಯವನ್ನು ಅಭ್ಯಸಿಸುವವರು ಆ ಬೇರುಗಳತ್ತ ಹೊರಳಿ ನೋಡುವುದು ಕಡಿಮೆ. ಹಾಗೆ ನೋಡಿದಾಗ ಎದುರಾಗುವ ಲೇಖಕರಲ್ಲಿ ಕೆರೂರು ವಾಸುದೇವಾಚಾರ್ಯರು (೧೮೬೬–೧೯೨೧) ಒಬ್ಬರು.

ಬಾಗಲಕೋಟೆಯಲ್ಲಿ ವಕೀಲಿ ವೃತ್ತಿ ನಡೆಸಿದ ಇವರು ‘ನಳದಮಯಂತಿ’, ‘ವಸಂತಯಾಮಿನೀ ಸ್ವಯಂವರ’, ‘ಸುರತನಗರದ ಶ್ರೇಷ್ಠಿ’ ಮೊದಲಾದ ನಾಟಕಗಳನ್ನು ರಂಗಕ್ಕೆ ಕೊಟ್ಟರು. ‘ಇಂದಿರೆ’, ‘ಯದುಮಹಾರಾಜ’, ‘ಭ್ರಾತೃಘಾತಕನಾದ ಔರಂಗಜೇಬ’ ಎಂಬ ಕಾದಂಬರಿಗಳನ್ನು ರಚಿಸಿದರು. ‘ಸಚಿತ್ರ ಭಾರತ’, ‘ಶುಭೋದಯ’ ಎಂಬ ಪತ್ರಿಕೆಗಳನ್ನು ನಡೆಸಿದರು. ಸಣ್ಣಕಥೆಗಳನ್ನು ಬರೆದರು. ಷರ್ಲಾಕ್ ಹೋಮ್ಸನ ಜಾಡಿನಲ್ಲಿ ಕನ್ನಡದಲ್ಲಿ ಪತ್ತೇದಾರಿ ಕಥೆಗಳನ್ನು ಬರೆದವರ ಮೊದಲ ಸಾಲಿನಲ್ಲಿಯೂ ನಿಂತರು.

ನಮ್ಮ ಸಾಹಿತ್ಯ ಚರಿತ್ರೆಗಳು ಈ ಬರವಣಿಗೆಯನ್ನು ನಾಲ್ಕು ಅಧ್ಯಾಯಗಳಿಗೆ ಹಂಚಿಬಿಟ್ಟಿವೆ. ನಾಟಕದ ಅಧ್ಯಾಯದಲ್ಲಿ ಅವರು ರೂಪಾಂತರಕಾರರು. ಕಾದಂಬರಿಯ ಅಧ್ಯಾಯದಲ್ಲಿ ಆರಂಭಕಾಲದವರು. ಸಣ್ಣಕಥೆಯ ಅಧ್ಯಾಯದಲ್ಲಿ ಮಾಸ್ತಿಯವರಿಗೆ ಪೂರ್ವದವರು. ಪತ್ತೇದಾರಿ ಸಾಹಿತ್ಯಕ್ಕೆ ಅಧ್ಯಾಯವೇ ಇಲ್ಲದಿರುವುದರಿಂದ ಅಲ್ಲಿ ಅವರಿಗೆ ಒಂದು ವಾಕ್ಯ. ಹೀಗೆ ಹಂಚಿಹೋದ ಲೇಖಕನ ಪೂರ್ಣ ಆಕೃತಿ ಎಲ್ಲಿಯೂ ಕಾಣಿಸುವುದಿಲ್ಲ. ಹಾಡಿನ ನಾಟಕ ಮತ್ತು ರಹಸ್ಯದ ಕಥೆ ಒಂದೇ ಲೇಖನಿಯಿಂದ ಬಂದುದು ಆಕಸ್ಮಿಕವಲ್ಲವೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

೨

ಮೊದಲು ಕಾಲದೇಶಗಳ ವಿಚಾರ. ಕೆರೂರರ ಬಾಗಲಕೋಟೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದ ನಾಡದು. ನಾಟಕದ ಸ್ಥಿತಿಯೂ ಬೇರೆಯಾಗಿರಲಿಲ್ಲ. ಸಾಂಗಲಿಯ ಕಡೆಯಿಂದ ಬಂದ ಮರಾಠಿ ಮಂಡಳಿಗಳು ಕನ್ನಡ ಊರುಗಳಲ್ಲಿ ಡೇರೆ ಹಾಕಿ ಜನಮನವನ್ನು ಗೆದ್ದಿದ್ದುವು. ಇದನ್ನು ಕಂಡು ನೊಂದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ೧೮೭೦ರ ದಶಕದಲ್ಲಿ ಗದಗಿನ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಮೊದಲಾದ ನಾಟಕಗಳನ್ನು ಆಡಿಸಿದರು. ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಎರಡು ಭಾಷೆಗಳ ರಂಗಭೂಮಿಗಳು ಪರಸ್ಪರ ಸ್ಪರ್ಧೆಯಲ್ಲಿಯೇ ಬೆಳೆದುವೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಸ್ಪರ್ಧೆಯ ಕಣ ಸಂಗೀತವಾಗಿದ್ದಿತು. ಪ್ರೇಕ್ಷಕನು ಹಾಡಿಗಾಗಿ ಬರುತ್ತಿದ್ದನು. ಮೆಚ್ಚಿದ ಹಾಡನ್ನು ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುತ್ತಿದ್ದನು. ಕಾಲುಪೆಟ್ಟಿಗೆ, ತಬಲ, ಸ್ತ್ರೀಪಾತ್ರ ವಹಿಸುವ ಗಂಡಸರ ಕಂಠ, ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ನಾಟಕ ರಂಗದ ಮೇಲೆ ನಿಲ್ಲುತ್ತಿರಲಿಲ್ಲ. ನಾಟಕಕಾರನಾದವನು ಕವಿಯಾಗಿದ್ದರೆ ಸಾಲದು. ಯಾವ ಮಟ್ಟು ಜನರ ಬಾಯಲ್ಲಿದೆ, ಯಾವ ನಟನ ಗಂಟಲು ಎಲ್ಲಿಯವರೆಗೆ ಏರಬಲ್ಲುದು ಎಂಬುದನ್ನೂ ಅರಿತಿರಬೇಕಾಗಿತ್ತು. ಬಾಗಲಕೋಟೆಯ ವಾಸುದೇವ ವಿನೋದಿನೀ ನಾಟ್ಯಸಭೆಯೊಡನೆ ಹೆಸರು ಬೆಸೆದುಕೊಂಡಿರುವ ಕೆರೂರರು ರಂಗದ ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲವರು.

ಷೇಕ್ಸ್‌ಪಿಯರನನ್ನು ಕನ್ನಡಿಸುವ ಕೆಲಸ ಆಗಲೇ ಮೊದಲಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯನ್ನಾಗಿ ಮಾಡಿದ್ದರು. ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯನ್ನಾಗಿ ಮಾರ್ಪಡಿಸಿದ್ದರು. ಹೆಸರು, ಊರು, ಆಚಾರಗಳನ್ನು ಬದಲಿಸಿ ಕಥೆಯನ್ನು ನಮ್ಮದನ್ನಾಗಿ ಮಾಡಿಕೊಳ್ಳುವ ಈ ಪದ್ಧತಿ ಕೆರೂರರದೂ ಹೌದು. ಪಾರ್ಸಿ ರಂಗಭೂಮಿಯಲ್ಲಿ ಆಗಾ ಹಶ್ರ್ ಕಾಶ್ಮೀರಿಯವರು ಉರ್ದುವಿನಲ್ಲಿ ಮಾಡಿದ ಕೆಲಸವನ್ನು ಬಲ್ಲ ದೆಹಲಿಯ ವಿದ್ವಾಂಸರಿಗೆ ಇದು ಹೊಸದೆನಿಸದು.

೩

ಹಾಗಿದ್ದರೆ ಕೆರೂರರ ವಿಶಿಷ್ಟತೆಯೇನು? ಅವರು ಆರಿಸಿಕೊಂಡ ಮೂರು ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ.

ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡಿಗರಿಗೆ ಮನೆಮಾತಾದ ನಳದಮಯಂತಿಯರ ಕಥೆಯನ್ನು ನಾವು ಸಾಮಾನ್ಯವಾಗಿ ವಿರಹದ ಕಥೆಯೆಂದು ಓದುತ್ತೇವೆ. ಆದರೆ ವ್ಯಾಸಭಾರತದ ವನಪರ್ವದಲ್ಲಿ ಅದರ ಉತ್ತರಾರ್ಧ ಒಂದು ಶೋಧದ ಕಥೆ. ದಮಯಂತಿ ದೇಶದೇಶಗಳಿಗೆ ಬ್ರಾಹ್ಮಣರನ್ನು ಕಳುಹಿಸಿ ಒಂದು ಮಾತನ್ನು ಸಭೆಗಳಲ್ಲಿ ಹೇಳಿಸುತ್ತಾಳೆ. ಅದಕ್ಕೆ ಉತ್ತರ ಕೊಟ್ಟವನು ಯಾರೆಂದು ತಿಳಿದು ಬರಬೇಕೆಂಬುದು ಅವಳ ಆಜ್ಞೆ. ಅಯೋಧ್ಯೆಯಲ್ಲಿ ಋತುಪರ್ಣನ ಸಾರಥಿ ಬಾಹುಕನು ಉತ್ತರ ಕೊಟ್ಟನೆಂದು ಪರ್ಣಾದನು ವರದಿ ತರುತ್ತಾನೆ. ಆಗ ಅವಳು ಎರಡನೆಯ ಸ್ವಯಂವರದ ಸುಳ್ಳುಸುದ್ದಿಯನ್ನು ಕಳುಹಿಸುತ್ತಾಳೆ, ಅದೂ ಮರುದಿನವೇ ನಡೆಯುವುದೆಂದು. ಅಷ್ಟು ದೂರವನ್ನು ಒಂದೇ ದಿನದಲ್ಲಿ ಕ್ರಮಿಸುವಂತೆ ಕುದುರೆ ಓಡಿಸಬಲ್ಲವನು ನಳನೊಬ್ಬನೇ. ರಥ ಬಂದ ಮೇಲೂ ಅವಳು ನಂಬಿಬಿಡುವುದಿಲ್ಲ. ಕೇಶಿನಿಯೆಂಬ ದಾಸಿಯನ್ನು ಬಾಹುಕನ ಮೇಲೆ ಕಣ್ಣಿಡಲು ಕಳುಹಿಸುತ್ತಾಳೆ; ಅವನ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ; ಕಡೆಗೆ ಮಕ್ಕಳನ್ನು ಅವನೆದುರು ನಿಲ್ಲಿಸಿ ಅವನ ಕಣ್ಣೀರನ್ನು ಸಾಕ್ಷಿಯಾಗಿ ಪಡೆಯುತ್ತಾಳೆ. ಅನುಮಾನ, ಬಲೆ, ವೀಕ್ಷಣೆ, ಪರೀಕ್ಷೆ, ನಿರ್ಣಯ ಎಂಬ ಕ್ರಮ ಇಲ್ಲಿ ಪೂರ್ಣವಾಗಿದೆ.

‘ವಸಂತಯಾಮಿನೀ ಸ್ವಯಂವರ’ಕ್ಕೆ ಆಧಾರವಾದದ್ದು ಗೋಲ್ಡ್‌ಸ್ಮಿತ್‌ನ ‘ಷಿ ಸ್ಟೂಪ್ಸ್ ಟು ಕಾಂಕರ್’ (೧೭೭೩). ಅದರ ನಾಯಕ ಮಾವನಾಗಬೇಕಾದವನ ಮನೆಯನ್ನು ವಸತಿಗೃಹವೆಂದು ಭ್ರಮಿಸುತ್ತಾನೆ. ಕುಲೀನ ಸ್ತ್ರೀಯರ ಮುಂದೆ ನಾಲಗೆ ಕಟ್ಟಿ ನಿಲ್ಲುವ ಅವನ ನಿಜವಾದ ಸ್ವಭಾವವನ್ನು ಅರಿಯಲು ನಾಯಕಿ ತಾನೇ ಸೇವಕಿಯ ವೇಷ ತೊಡುತ್ತಾಳೆ. ‘ಸುರತನಗರದ ಶ್ರೇಷ್ಠಿ’ಯ ಮೂಲ ‘ಮರ್ಚೆಂಟ್ ಆಫ್ ವೆನಿಸ್’. ಅಲ್ಲಿ ನಾಯಕಿ ನ್ಯಾಯಶಾಸ್ತ್ರಜ್ಞನ ವೇಷದಲ್ಲಿ ಬಂದು ಕರಾರುಪತ್ರದ ಅಕ್ಷರಗಳಿಂದಲೇ ಪ್ರತಿವಾದಿಯ ಜೀವವನ್ನು ಉಳಿಸುತ್ತಾಳೆ. ಗುರುತಿನ ಉಂಗುರದಿಂದ ಗಂಡನ ಮಾತಿನ ಬೆಲೆಯನ್ನೂ ಅಳೆಯುತ್ತಾಳೆ. ವೆನಿಸ್ ನಗರಕ್ಕೆ ಪ್ರತಿಯಾಗಿ ಸುರತವನ್ನು ಆರಿಸಿದುದು ಬಲು ಔಚಿತ್ಯಪೂರ್ಣ. ಮೊಗಲರ ಕಾಲದಲ್ಲಿ ಹಡಗು, ಹುಂಡಿ, ಬಡ್ಡಿಗಳ ವ್ಯವಹಾರಕ್ಕೆ ಹೆಸರಾದ ಪಶ್ಚಿಮ ಕರಾವಳಿಯ ಬಂದರು ಅದೇ ಆಗಿತ್ತು.

ಮೂರರಲ್ಲಿಯೂ ಒಬ್ಬಾತ ಮರೆಯಲ್ಲಿದ್ದಾನೆ ಇಲ್ಲವೆ ಒಬ್ಬಾಕೆ ವೇಷದಲ್ಲಿದ್ದಾಳೆ. ಮೂರರಲ್ಲಿಯೂ ಪರೀಕ್ಷೆ ನಡೆಸುವವಳು ಹೆಣ್ಣು. ಮೂರೂ ಗುರುತಿನ ನಾಟಕಗಳು. ಇಂತಹ ವಸ್ತುಗಳನ್ನು ಮತ್ತೆ ಮತ್ತೆ ಅರಸಿದವರು ನ್ಯಾಯಾಲಯದಲ್ಲಿ ಜೀವನ ನಡೆಸಿದ ವಕೀಲರೆಂಬುದು ನಗಣ್ಯವಲ್ಲ. ೧೮೭೨ರಲ್ಲಿ ಜಾರಿಗೆ ಬಂದು ೨೦೨೪ರವರೆಗೂ ಉಳಿದಿದ್ದ ಭಾರತೀಯ ಸಾಕ್ಷ್ಯ ಅಧಿನಿಯಮ ಅವರ ತಲೆಮಾರಿನ ವಕೀಲರ ನಿತ್ಯದ ಪಾಠವಾಗಿತ್ತು. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಅಂತರ, ದಸ್ತಾವೇಜಿನ ಬಲ, ಪಾಟೀಸವಾಲಿಗೆ ನಿಲ್ಲದ ಮಾತಿನ ಟೊಳ್ಳು, ಇವೆಲ್ಲ ಅವರಿಗೆ ವೃತ್ತಿಯ ಸಾಮಗ್ರಿಗಳು.

೪

ಇಲ್ಲಿಂದ ಪತ್ತೇದಾರಿ ಕಥೆಗೆ ಬರುವುದು ದೂರದ ಪ್ರಯಾಣವಲ್ಲ. ಕಾನನ್ ಡಾಯ್ಲನ ಹೋಮ್ಸ್ ಪುಸ್ತಕರೂಪದಲ್ಲಿ ೧೮೮೮ರಲ್ಲಿಯೂ ‘ಸ್ಟ್ರಾಂಡ್’ ಪತ್ರಿಕೆಯ ಸಣ್ಣಕಥೆಗಳಲ್ಲಿ ೧೮೯೧ರಿಂದಲೂ ಓದುಗರ ಮುಂದೆ ಬಂದನು. ಆಗ ಕೆರೂರರಿಗೆ ಇಪ್ಪತ್ತೈದರ ಆಸುಪಾಸು. ಬಂಗಾಳಿಯಲ್ಲಿ ಪ್ರಿಯನಾಥ ಮುಖೋಪಾಧ್ಯಾಯರ ‘ದಾರೋಗಾರ್ ದಫ್ತರ್’ ೧೮೯೦ರ ದಶಕದಲ್ಲಿ ಪ್ರಕಟವಾಗುತ್ತಿತ್ತು. ಹಿಂದಿಯಲ್ಲಿ ಗೋಪಾಲರಾಮ ಗಹಮರಿಯವರು ೧೯೦೦ರಲ್ಲಿ ‘ಜಾಸೂಸ್’ ಪತ್ರಿಕೆಯನ್ನು ಆರಂಭಿಸಿದರು. ಕೆರೂರರ ಪ್ರಯತ್ನವನ್ನು ಈ ಅಖಿಲ ಭಾರತೀಯ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ನಾಟಕಕ್ಕೂ ಪತ್ತೇದಾರಿ ಕಥೆಗೂ ಸಾಮಗ್ರಿ ಒಂದೇ ಆದರೂ ಅದನ್ನು ಬಳಸುವ ರೀತಿ ವಿರುದ್ಧವಾದುದು. ರಂಗದ ಮೇಲೆ ಬಾಹುಕನು ಬಂದಾಗ ಅವನು ನಳನೆಂಬುದು ಪ್ರೇಕ್ಷಕನಿಗೆ ಗೊತ್ತು. ಗೊತ್ತಿಲ್ಲದಿರುವುದು ಇತರ ಪಾತ್ರಗಳಿಗೆ. ಅವರು ಯಾವಾಗ ಅರಿಯುವರೋ ಎಂಬ ತವಕವೇ ನಾಟಕದ ರಸ. ಪತ್ತೇದಾರಿ ಕಥೆಯಲ್ಲಿ ಓದುಗನೇ ಕತ್ತಲೆಯಲ್ಲಿರುತ್ತಾನೆ. ಸಂಗೀತ ನಾಟಕದಲ್ಲಿ ಹಾಡಿಗೆ ಒಂದು ನಿಶ್ಚಿತ ಕರ್ತವ್ಯವಿದೆ: ಪಾತ್ರವು ಇತರರಿಂದ ಮುಚ್ಚಿಟ್ಟ ಅಂತರಂಗವನ್ನು ಅದು ಸಭೆಗೆ ತೆರೆದಿಡುತ್ತದೆ. ಪತ್ತೇದಾರಿ ಕಥೆಯಲ್ಲಿ ಹಾಡಿಗೆ ಎಡೆಯಿಲ್ಲ. ಹಾಡು ಗುಟ್ಟನ್ನು ಹೇಳುತ್ತದೆ. ಪತ್ತೇದಾರಿ ಗದ್ಯ ಗುಟ್ಟನ್ನು ಕಾಯುತ್ತದೆ. ಒಂದು ಪ್ರಕಾರದಿಂದ ಇನ್ನೊಂದಕ್ಕೆ ದಾಟುವ ಲೇಖಕನು ತನ್ನ ಅಭ್ಯಾಸವನ್ನೇ ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ.

ಈ ದಾಟುವಿಕೆ ಕನ್ನಡ ಗದ್ಯಕ್ಕೆ ಮುಖ್ಯವಾದುದು. ಸುಳುಹನ್ನು ಕಾಣುವಂತೆ ಇಡಬೇಕು, ಎದ್ದು ಕಾಣುವಂತೆ ಇಡಬಾರದು. ಕಾಲ, ಸ್ಥಳ, ವಸ್ತುಗಳ ವಿವರ ತಪ್ಪಬಾರದು. ವಾಕ್ಯ ಅಲಂಕಾರದ ಭಾರಕ್ಕೆ ಬಾಗಬಾರದು. ಚಂಪುವಿನ ಛಾಯೆಯಿಂದ ಇನ್ನೂ ಪೂರ್ಣವಾಗಿ ಬಿಡಿಸಿಕೊಳ್ಳದಿದ್ದ ಕಥನಗದ್ಯಕ್ಕೆ ಈ ಶಿಸ್ತು ಹೊಸದು. ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ೧೯೨೦ರಲ್ಲಿ ಪ್ರಕಟವಾದುದು ನಮ್ಮ ಸಣ್ಣಕಥೆಯ ಚರಿತ್ರೆಯಲ್ಲಿ ಮೈಲಿಗಲ್ಲು. ಅದಕ್ಕೆ ಮುನ್ನ ಪಂಜೆ ಮಂಗೇಶರಾಯರು, ಎಂ.ಎನ್. ಕಾಮತರು, ಕೆರೂರರು ನೆಲವನ್ನು ಹದಗೊಳಿಸಿದ್ದರೆಂದು ವಿಮರ್ಶಕರು ಒಪ್ಪುತ್ತಾರೆ. ಆ ಹದಗೊಳಿಸುವಿಕೆಯಲ್ಲಿ ಪತ್ತೇದಾರಿ ಕಥೆಯ ಪಾಲೂ ಇದೆಯೆಂಬುದು ನಮ್ಮ ವಾದ. ಸ್ವತಃ ಪತ್ರಿಕೆ ನಡೆಸಿದ ಲೇಖಕನಿಗೆ ಓದುಗನನ್ನು ಮುಂದಿನ ಪುಟಕ್ಕೆ ಕರೆದೊಯ್ಯುವ ಕಥೆ ಎಷ್ಟು ಅವಶ್ಯಕವೆಂಬುದನ್ನು ಬೇರೆ ಹೇಳಬೇಕಿಲ್ಲ.

೫

ಅವರ ಕಾದಂಬರಿಗಳ ಬಗ್ಗೆ ಎರಡು ಮಾತು. ‘ಇಂದಿರೆ’ (೧೯೦೮) ಉತ್ತರ ಕರ್ನಾಟಕದ ಆರಂಭಕಾಲದ ಸಾಮಾಜಿಕ ಕಾದಂಬರಿಗಳಲ್ಲೊಂದು. ಇದನ್ನು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯) ಎಂಬುದರೊಡನೆ ಹೊರಗಿನ ಅಭ್ಯಾಸಿಗಳು ಬೆರೆಸಿಕೊಳ್ಳಬಾರದು. ‘ಭ್ರಾತೃಘಾತಕನಾದ ಔರಂಗಜೇಬ’ ದೆಹಲಿಯ ಓದುಗರಿಗೆ ವಿಶೇಷವಾಗಿ ಕುತೂಹಲಕರ. ಶೀರ್ಷಿಕೆಯೇ ಅಪರಾಧವನ್ನೂ ಅಪರಾಧಿಯನ್ನೂ ಮೊದಲೇ ಸಾರಿಬಿಟ್ಟಿದೆ. ೧೬೫೯ರಲ್ಲಿ ಇದೇ ನಗರದಲ್ಲಿ ಕೊಲೆಗೀಡಾದ ದಾರಾ ಶಿಕೋಹನು ಹುಮಾಯೂನನ ಸಮಾಧಿಯ ಆವರಣದಲ್ಲಿ ಮಣ್ಣಾಗಿದ್ದಾನೆ. ೧೬೮೬ರಲ್ಲಿ ಔರಂಗಜೇಬನಿಗೆ ವಶವಾದ ವಿಜಾಪುರ ಅಂದು ಕೆರೂರರ ತವರು ಜಿಲ್ಲೆಯ ಮುಖ್ಯಪಟ್ಟಣವಾಗಿತ್ತು. ದೆಹಲಿಯ ಅರಮನೆಯ ರಕ್ತಪಾತ ಕೃಷ್ಣಾತೀರದ ಜನರಿಗೂ ಪರದೇಶದ ಸಂಗತಿಯಾಗಿರಲಿಲ್ಲ.

ಕೆರೂರರ ತರುವಾಯ ಎರಡು ಧಾರೆಗಳೂ ಬೇರೆಬೇರೆ ಹರಿದುವು. ಸಂಗೀತ ನಾಟಕ ಶಿರಹಟ್ಟಿ, ಗದಗ, ಗುಬ್ಬಿಯ ಕಂಪನಿಗಳಲ್ಲಿ ಬೆಳೆಯಿತು. ಪತ್ತೇದಾರಿ ಸಾಹಿತ್ಯ ಬೆಂಗಳೂರಿನ ಅಗ್ಗದ ಕಾದಂಬರಿಗಳಲ್ಲಿ ಲಕ್ಷಾಂತರ ಓದುಗರನ್ನು ಪಡೆಯಿತು. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಹೊರಬಂದ ೧೯೫೨ರಲ್ಲಿಯೇ ಅಲಹಾಬಾದಿನಲ್ಲಿ ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ ಉರ್ದುವಿನಲ್ಲಿ ಮೊದಲಾಯಿತೆಂಬುದು ತುಲನಾತ್ಮಕ ಅಧ್ಯಯನಕ್ಕೆ ತಕ್ಕ ಸಂಗತಿ. ಉರ್ದುವಿನವರು ಇಬ್ನೆ ಸಫಿಯವರನ್ನು ತಮ್ಮ ಗದ್ಯದ ಚರಿತ್ರೆಯೊಳಗೆ ಚರ್ಚಿಸತೊಡಗಿದ್ದಾರೆ. ನಾವು ನರಸಿಂಹಯ್ಯನವರನ್ನು ವಾಚನಾಲಯದ ಕಪಾಟಿನಲ್ಲಿಯೇ ಬಿಟ್ಟಿದ್ದೇವೆ. ಅವರ ಪೂರ್ವಿಕರಾದ ಕೆರೂರರ ಕಥೆಗಳನ್ನು ಅಲ್ಲಿಂದಲೂ ಕಳೆದುಕೊಳ್ಳುವ ಹಂತದಲ್ಲಿದ್ದೇವೆ.

‘ಕಳೆದುಕೊಳ್ಳುವ’ ಎಂಬ ಮಾತನ್ನು ನಾವು ಉಪಮೆಯಾಗಿ ಬಳಸುತ್ತಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಗಿ ಅಲ್ಲಿಯ ಕುಟುಂಬಗಳು ನವನಗರಕ್ಕೆ ಸ್ಥಳಾಂತರಗೊಂಡುವು. ಒಂದು ಪಟ್ಟಣ ಹೀಗೆ ಎದ್ದುಹೋಗುವಾಗ ಅಟ್ಟದ ಮೇಲಿನ ಹಳೆಯ ಪತ್ರಿಕೆ, ನಾಟಕದ ಕೈಬರಹದ ಪ್ರತಿ, ಹಾಡುಗಳ ವಹಿ, ಇವು ಸಾಮಾನಿನ ಗಾಡಿಯನ್ನು ಏರುವುದು ಕೊನೆಗೆ. ಸಂಗೀತ ನಾಟಕದ ಮುದ್ರಿತ ಪ್ರತಿ ದೊರೆತರೂ ಹಾಡಿನ ನೆತ್ತಿಯ ಮೇಲಿನ ರಾಗ, ತಾಳ, ಮಟ್ಟುಗಳ ಸೂಚನೆ ಹಾಡಬಲ್ಲವರಿಗಷ್ಟೆ ಅರ್ಥವಾಗುತ್ತದೆ. ಅಂತಹ ಹಿರಿಯ ನಟರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದ್ದರಿಂದ ಹೊರನಾಡಿನ ಸಂಶೋಧಕರಲ್ಲಿ ನಮ್ಮ ಕೋರಿಕೆಗಳು ಎರಡು. ಕೆರೂರರ ನಾಟಕಗಳನ್ನು ಕಿರ್ಲೋಸ್ಕರ ಪರಂಪರೆಯ ಮರಾಠಿ ನಾಟಕಗಳೊಡನೆಯೂ ಪಾರ್ಸಿ ರಂಗದ ಉರ್ದು ರೂಪಾಂತರಗಳೊಡನೆಯೂ ಹೋಲಿಸಿ ನೋಡುವ ಕೆಲಸಕ್ಕೆ ಹಲವು ಭಾಷೆಗಳ ವಿದ್ವಾಂಸರು ಒಂದೆಡೆ ಸೇರುವ ದೆಹಲಿಗಿಂತ ತಕ್ಕ ಸ್ಥಳವಿಲ್ಲ. ಆ ಕೆಲಸ ಇಲ್ಲಿ ಮೊದಲಾಗಲಿ. ಅವರ ಪತ್ತೇದಾರಿ ಕಥೆಗಳನ್ನು ಪರಭಾಷೆಯ ಅನುಕರಣವೆಂದು ಬದಿಗಿಡದೆ, ಅದೇ ಲೇಖಕನ ನಾಟಕಗಳ ಪಕ್ಕದಲ್ಲಿಟ್ಟು ಓದಲಿ. ಬಾಹುಕನ ಅಡುಗೆಯ ರುಚಿಯಿಂದ ನಳನನ್ನು ಗುರುತಿಸಿದ ದಮಯಂತಿಯನ್ನು ಬಲ್ಲ ಭಾಷೆಗೆ, ಸುಳುಹಿನಿಂದ ಸತ್ಯವನ್ನು ಕಾಣುವ ಪತ್ತೇದಾರನು ಪೂರ್ತಿ ಪರಕೀಯನೇನೂ ಆಗಿರಲಿಲ್ಲ.