ಪುಣೆಯ ಚೈನು ಮತ್ತು ಅದರ ಕೊನೆಯ ಕೊಂಡಿ

ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಮೋಟಾರ್ ಸೈಕಲ್ ಚೈನು ಎರಡು ತುದಿಗಳುಳ್ಳ ಒಂದು ಪಟ್ಟಿ ಮಾತ್ರ. ಅದನ್ನು ಬಳೆಯಾಗಿ ಮುಚ್ಚುವುದು ಕೊನೆಯ ಒಂದೇ ಕೊಂಡಿ. ಆ ಕೊಂಡಿಯಲ್ಲಿ ಎರಡು ಬಗೆಗಳಿವೆ: ಮೆಕ್ಯಾನಿಕರು ‘ಚೈನ್ ಲಾಕ್’ ಎನ್ನುವ, ಮೀನಿನ ಆಕಾರದ ಸ್ಪ್ರಿಂಗ್ ಕ್ಲಿಪ್ಪಿನಿಂದ ಹಿಡಿದಿಡುವ ಕೊಂಡಿ ಒಂದು, ಎರಡು ಪಿನ್ನುಗಳ ತುದಿಯನ್ನು ಅರಳಿಸಿ ಶಾಶ್ವತವಾಗಿ ಕೂರಿಸುವ ರಿವೆಟ್ ಕೊಂಡಿ ಇನ್ನೊಂದು. ಮೊದಲನೆಯದಕ್ಕೆ ಒಂದು ಇಕ್ಕಳ ಸಾಕು. ಎರಡನೆಯದಕ್ಕೆ ಉಪಕರಣ, ಅಳತೆ ಮತ್ತು ತಾಳ್ಮೆ ಮೂರೂ ಬೇಕು. ಮನೆಯಂಗಳದ ಈ ಕೆಲಸ ಮೊದಲನೆಯದರಿಂದ ಎರಡನೆಯದಕ್ಕೆ ಹೇಗೆ ಸಾಗಿತು ಎಂಬುದನ್ನು ತಿಳಿಯಲು ಪುಣೆಯಷ್ಟು ತಕ್ಕ ಊರು ಅಪರೂಪ. ಏಕೆಂದರೆ ಅದು ಮೊದಲು ಸೈಕಲ್ಲಿನ, ಆಮೇಲೆ ಸ್ಕೂಟರಿನ, ಕೊನೆಗೆ ಮೋಟಾರ್ ಸೈಕಲ್ಲಿನ ಊರಾಗಿ ಮೂರು ಬಾರಿ ರೂಪ ಬದಲಿಸಿದೆ.

ಇಂದಿನ ಚೈನಿನ ವಿನ್ಯಾಸ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ್ದು. ಪಿನ್ನಿನ ಸುತ್ತ ಬುಶ್ ಎಂಬ ಟೊಳ್ಳು ಕೊಳವೆ, ಅದರ ಸುತ್ತ ತಿರುಗುವ ರೋಲರ್ ಇರುವುದರಿಂದ ಉಜ್ಜಾಟ ಒಂದೇ ಗೆರೆಯ ಮೇಲೆ ಬೀಳದೆ ಅಗಲವಾದ ಮೈಮೇಲೆ ಹಂಚಿಹೋಗುತ್ತದೆ. ಚೈನಿನ ಬಾಳಿಕೆಯ ಗುಟ್ಟು ಇದೇ. ಐದು ವರ್ಷಗಳ ಬಳಿಕ, 1885ರಲ್ಲಿ, ಕಾವೆಂಟ್ರಿಯಲ್ಲಿ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ ಚೈನಿನ ಮೂಲಕ ಹಿಂದಿನ ಗಾಲಿಯನ್ನು ತಿರುಗಿಸಿ, ಎತ್ತರದ ಮುಂಗಾಲಿಯ ಅಪಾಯಕಾರಿ ಸೈಕಲ್ಲಿನ ಕಾಲವನ್ನು ಮುಗಿಸಿತು. ಅದಾಗಿ ಮೂರೇ ವರ್ಷಕ್ಕೆ, 1888ರಲ್ಲಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯ ರೂಪದಲ್ಲಿ ಕಿರ್ಲೋಸ್ಕರ್ ಸಹೋದರರ ಉದ್ಯಮ ಆರಂಭವಾಯಿತು ಎಂಬುದು ಕನ್ನಡ ನಾಡಿನ ಮಟ್ಟಿಗೆ ನೆನಪಿಡಬೇಕಾದ ಸಂಗತಿ. ಲಕ್ಷ್ಮಣರಾವ್ ಕಿರ್ಲೋಸ್ಕರರ ಆ ಅಂಗಡಿಯಿದ್ದ ಬೀದಿ ಇಂದಿಗೂ ಕಿರ್ಲೋಸ್ಕರ್ ರಸ್ತೆ. ಅಲ್ಲಿಂದ ನೇಗಿಲಿಗೆ, 1910ರಲ್ಲಿ ಕಿರ್ಲೋಸ್ಕರವಾಡಿಗೆ, 1946ರಲ್ಲಿ ಪುಣೆಯ ಖಡಕಿಯ ಎಂಜಿನ್ ಕಾರ್ಖಾನೆಗೆ ಆ ಮನೆತನದ ಉದ್ಯಮ ಬೆಳೆದ ಹಾದಿಯನ್ನು ನೋಡಿದರೆ, ಪುಣೆಯ ಯಂತ್ರೋದ್ಯಮದ ಒಂದು ಬೇರು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು.

ಲೋಹದ ತುದಿಯನ್ನು ಬಡಿದು ಅರಳಿಸಿ ಎರಡು ತಗಡುಗಳನ್ನು ಬಿಗಿಯುವ ವಿದ್ಯೆಯಂತೂ ಚೈನಿಗಿಂತ ಬಹಳ ಹಳೆಯದು. ಪೇಶ್ವೆಯರ ಕಾಲದಲ್ಲಿ ಕೊಂಕಣದಿಂದ ಬಂದು ಕಸಬಾ ಪೇಟೆಯಲ್ಲಿ ನೆಲೆಸಿದ ತಾಂಬಟರು, ಅಂದರೆ ತಾಮ್ರದ ಪಾತ್ರೆ ಬಡಿಯುವ ಕಂಚುಗಾರರಂಥ ಸಮುದಾಯದವರು, ಸುತ್ತಿಗೆ ಮತ್ತು ಅಡಿಗಲ್ಲಿನಿಂದಲೇ ಹಂಡೆಗಳನ್ನೂ ನೀರು ಕಾಯಿಸುವ ಬಂಬಗಳನ್ನೂ ಮಾಡುತ್ತ ಬಂದವರು. ಅವರ ಓಣಿ ಇಂದಿಗೂ ತಾಂಬಟ ಆಳಿ ಎಂದೇ ಹೆಸರಾಗಿದೆ. ಪುಣೆ ‘ಸೈಕಲ್ಲುಗಳ ಊರು’ ಎನಿಸಿಕೊಂಡ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರಸ್ತೆಬದಿಯ ರಿಪೇರಿಯವರ ಕೈಯಲ್ಲಿದ್ದುದೂ ಅದೇ ಬಗೆಯ ಸಲಕರಣೆ: ಹಿಂದೆ ಒಂದು ತೂಕದ ಕಬ್ಬಿಣ, ಮುಂದೆ ಒಂದು ಸುತ್ತಿಗೆ. ಸೈಕಲ್ಲಿನ ಪಿನ್ನು ಸಣ್ಣದು, ಹೊರುವ ಬಲ ಕಾಲಿನದ್ದು. ಏಟು ತುಸು ಹೆಚ್ಚುಕಡಿಮೆಯಾದರೂ ಚೈನು ಸಹಿಸಿಕೊಳ್ಳುತ್ತಿತ್ತು.

ಆಮೇಲೆ ಬಂದದ್ದು ಚೈನೇ ಇಲ್ಲದ ವಾಹನ. ಇಟಲಿಯ ಪಿಯಾಜಿಯೊ ಕಂಪನಿಯ ಸಹಯೋಗದಿಂದ ಬಜಾಜ್ ಆಟೋ 1960ರ ದಶಕದಲ್ಲಿ ಪುಣೆ ಬಳಿಯ ಆಕುರ್ಡಿಯಲ್ಲಿ ತಯಾರಿಸತೊಡಗಿದ ವೆಸ್ಪಾದಲ್ಲಿಯೂ, ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ ಬಂದ ಚೇತಕ್‌ನಲ್ಲಿಯೂ ಎಂಜಿನ್ನು ಹಿಂದಿನ ಗಾಲಿಯ ಪಕ್ಕದಲ್ಲೇ ಕುಳಿತು, ಹಲ್ಲುಚಕ್ರಗಳ ಮೂಲಕ ನೇರವಾಗಿ ಗಾಲಿಯನ್ನು ತಿರುಗಿಸುತ್ತಿತ್ತು. ಹೀಗೆ ಪುಣೆಯ ಮಧ್ಯಮ ವರ್ಗದ ಮನೆಗಳು ಒಂದು ತಲೆಮಾರಿನ ಕಾಲ ಚೈನಿಗೆ ಎಣ್ಣೆ ಬಿಡುವ, ಸಡಿಲ ನೋಡುವ ಗೊಡವೆಯೇ ಇಲ್ಲದೆ ಕಳೆದವು. ಅದೇ ಹೊತ್ತಿಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೈನನ್ನು ಧೂಳು ತಾಗದಂತೆ ಪೂರ್ತಿ ಮುಚ್ಚಿದ ಕವಚದೊಳಗಿಟ್ಟು ಮೋಟಾರ್ ಸೈಕಲ್ ಮಾಡುತ್ತಿತ್ತು. ಚೈನಿನ ಆರೈಕೆಯನ್ನು ಸವಾರನ ತಲೆಯಿಂದ ಇಳಿಸಲು ಎರಡು ಊರುಗಳು ಎರಡು ದಾರಿ ಹಿಡಿದವು ಎನ್ನಬೇಕು.

ಚೈನು ಪುಣೆಗೆ ಮರಳಿದ್ದು 1986ರ ಕವಾಸಾಕಿ ಬಜಾಜ್ ಕೆಬಿ 100ರ ಜೊತೆ. ಊರನ್ನು ಆಳತೊಡಗಿದ್ದು 2001ರಲ್ಲಿ ಬಂದ ಪಲ್ಸರ್ ಜೊತೆ. ಆದರೆ ಕೊಂಡಿಯ ಚರಿತ್ರೆಯಲ್ಲಿ ನಿಜವಾದ ತಿರುವು ಪುಣೆ ಬಳಿಯ ಚಾಕಣದಲ್ಲಿ ತಯಾರಾಗಿ 2012ರಲ್ಲಿ ಮಾರುಕಟ್ಟೆಗೆ ಬಂದ ಕೆಟಿಎಂ ಡ್ಯೂಕ್ 200ರಂಥ ಗಾಡಿಗಳದು. ಇವುಗಳ ಚೈನಿನಲ್ಲಿ ಹೊರತಗಡು ಮತ್ತು ಒಳತಗಡುಗಳ ನಡುವೆ ರಬ್ಬರಿನ ಉಂಗುರಗಳಿದ್ದು, ಕಾರ್ಖಾನೆಯಲ್ಲಿ ತುಂಬಿದ ಗ್ರೀಸು ಪಿನ್ನು ಮತ್ತು ಬುಶ್ಶಿನ ನಡುವೆಯೇ ಉಳಿಯುವಂತೆ ಅವು ಕಾಯುತ್ತವೆ. ಇದರ ಅಳತೆ 520: ಮೊದಲ ಅಂಕಿ ಎರಡು ಪಿನ್ನುಗಳ ನಡುವಿನ ಅಂತರ ಇಂಚಿನ ಎಂಟನೆಯ ಐದು ಭಾಗ, ಅಂದರೆ 15.875 ಮಿಲಿಮೀಟರ್ ಎಂದೂ, ಮುಂದಿನ ಅಂಕಿ ಒಳಅಗಲ ಕಾಲು ಇಂಚು ಎಂದೂ ಸೂಚಿಸುತ್ತದೆ. ಸಣ್ಣ ಗಾಡಿಗಳ 428 ಚೈನಿನಲ್ಲಿ ಆ ಅಂತರ ಅರ್ಧ ಇಂಚು.

ರಬ್ಬರ್ ಉಂಗುರ ಬಂದದ್ದರಿಂದಲೇ ಸುತ್ತಿಗೆಯ ಕಾಲ ಮುಗಿಯಿತು. ಹೊರತಗಡನ್ನು ಹೆಚ್ಚು ಒತ್ತಿದರೆ ಉಂಗುರ ನಜ್ಜುಗುಜ್ಜಾಗಿ ಕೊಂಡಿ ಬಿಗಿದುಕೊಳ್ಳುತ್ತದೆ. ಕಡಿಮೆ ಒತ್ತಿದರೆ ಗ್ರೀಸು ಸೋರಿ, ನೀರು ಒಳನುಗ್ಗುತ್ತದೆ. ಏಟಿನ ಬಲವನ್ನು ಅಳೆಯಲಾಗದು, ತಿರುಪಿನ ಸುತ್ತನ್ನು ಅಳೆಯಬಹುದು. ಆದ್ದರಿಂದ ಮನೆಯಲ್ಲಿ ಕೆಲಸ ಮಾಡುವವರು ಹಳೆಯ ಪಿನ್ನಿನ ತಲೆಯನ್ನು ಉಜ್ಜಿ ಸಮಮಾಡಿ, ತಿರುಪಿನ ಉಪಕರಣದಿಂದ ಅದನ್ನು ಹೊರತಳ್ಳಿ, ಹೊಸ ಕೊಂಡಿಯ ಎರಡು ಪಿನ್ನುಗಳಿಗೂ ನಾಲ್ಕು ಉಂಗುರಗಳಿಗೂ ಜೊತೆಗೆ ಬಂದ ಗ್ರೀಸನ್ನು ಸವರಿ, ಹೊರತಗಡನ್ನು ಸ್ವಲ್ಪಸ್ವಲ್ಪವೇ ಒತ್ತುತ್ತ, ಪಕ್ಕದ ಕೊಂಡಿಯ ಅಗಲಕ್ಕೆ ಸರಿಹೊಂದಿತೇ ಎಂದು ವರ್ನಿಯರ್ ಅಳತೆಗೋಲಿನಿಂದ ಮತ್ತೆ ಮತ್ತೆ ನೋಡುತ್ತಾರೆ. ಬಳಿಕ ಮೊನಚು ತುದಿಯ ತಿರುಪನ್ನು ಪಿನ್ನಿನ ನಡುಗುಳಿಗೆ ಇಟ್ಟು ತಿರುಗಿಸಿದಾಗ ಉಕ್ಕಿನ ಅಂಚು ಹೂವಿನ ದಳದಂತೆ ಒಂದೇ ಸಮನೆ ಹೊರಕ್ಕೆ ಅರಳುತ್ತದೆ. ಹಲವು 520 ಚೈನುಗಳಲ್ಲಿ ಆ ಅರಳಿದ ತಲೆಯ ಅಗಲ 5.5ರಿಂದ 5.8 ಮಿಲಿಮೀಟರ್ ಒಳಗಿರಬೇಕು. ನಿಖರ ಅಂಕಿ ಆಯಾ ತಯಾರಕರ ಪೊಟ್ಟಣದ ಮೇಲಿರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಕೊಂಡಿಯನ್ನು ತೆಗೆದುಹಾಕಬೇಕು.

ಕ್ಲಿಪ್ ಕೊಂಡಿ ಇಂದಿಗೂ ಸಣ್ಣ ಗಾಡಿಗಳಲ್ಲಿ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿದೆ. ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಮುಖಮಾಡಿರಬೇಕೆಂಬ ನಿಯಮವೂ ಬದಲಾಗಿಲ್ಲ. ಎರಡು ಕೊಂಡಿಗಳ ನಡುವಿನ ದೊಡ್ಡ ಅಂತರ ಬಿಚ್ಚುವಾಗ ಕಾಣುತ್ತದೆ: ಚೈನ್ ಲಾಕನ್ನು ತೆಗೆದು, ತೊಳೆದು, ಮತ್ತೆ ಹಾಕಬಹುದು, ಕ್ಲಿಪ್ಪನ್ನಷ್ಟೇ ಹೊಸದಾಗಿ ಕೊಂಡರೆ ಒಳ್ಳೆಯದು, ರಿವೆಟ್ ಕೊಂಡಿಯನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ, ಪ್ರತಿ ಸಲವೂ ಹೊಸ ಕೊಂಡಿಯನ್ನೇ ಹಾಕಬೇಕು.