ಮೋಗ್ಲಿಂಗರಿಗೆ ಕನ್ನಡ ಕಲಿಸಿದವರು ಯಾರು?

ಸ್ಟುಟ್‌ಗಾರ್ಟಿಗೆ ಬಂದು ಒಂದೂವರೆ ವರ್ಷ ಆಯ್ತು. ಬೆಂಗಳೂರಲ್ಲೇ ಜರ್ಮನ್ ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಗೊಂಡೇ ವಿಮಾನ ಹತ್ತಿದ್ದೆ. ಏನು ಪ್ರಯೋಜನ? ಆಫೀಸಿನಲ್ಲಿ ನಾನು ಒಂದು ವಾಕ್ಯ ತಡವರಿಸಿದರೆ ಸಾಕು, ಪಾಪ ಅಂತ ಎಲ್ಲರೂ ಇಂಗ್ಲಿಷಿಗೆ ಹೊರಳುತ್ತಾರೆ. ಬಂದಿರುವ ಅಷ್ಟಿಷ್ಟು ಜರ್ಮನ್ ಕೆಳಗಿನ ಮನೆಯ ಅಜ್ಜಿಯ ಕೃಪೆ. ಇಲ್ಲಿ ‘ಕೇರ್‌ವೋಖೆ’ ಅಂತ ಒಂದು ಪದ್ಧತಿ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು. ನಾನು ಗುಡಿಸಿದ್ದು ಅಜ್ಜಿಗೆ ಯಾವತ್ತೂ ಸರಿಬರಲಿಲ್ಲ! ಆಕೆಗೆ ಇಂಗ್ಲಿಷ್ ಬಾರದು. ಬೈಸಿಕೊಳ್ಳುತ್ತಾ, ಸಮಜಾಯಿಷಿ ಹೇಳುತ್ತಾ ನನ್ನ ನಾಲಿಗೆ ಹೊರಳಿತು.

ಹೋದ ಭಾನುವಾರ ಪಕ್ಕದ ಎಸ್‌ಲಿಂಗನ್‌ಗೆ ಹೋಗಿದ್ದೆ. ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಹುಟ್ಟಿದ್ದು 1811ರಲ್ಲಿ, ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೇ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಬಂದ ಏಳನೇ ವರ್ಷ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಊರ ವರ್ತಮಾನ, ಸರಕಾರದ ಕಾನೂನು, ದೂರದೇಶದ ಸುದ್ದಿ ಎಲ್ಲವೂ ಅದರಲ್ಲಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ಶುರು... ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಗಾದೆಗಳು.

ಇಷ್ಟು ಕನ್ನಡ ಎಲ್ಲಿಂದ ಬಂತು? ಕಿಟ್ಟೆಲ್ ಕೋಶ ಬಂದದ್ದು 1894ರಲ್ಲಿ, ಇವರು ಬಂದು 58 ವರ್ಷದ ಮೇಲೆ. ವಿಲಿಯಂ ರೀವ್ ಮಾಡಿದ್ದ 1832ರ ಕೋಶವೇನೋ ಇತ್ತು. ಆದರೆ ಗಾದೆ ಕೋಶ ತೆರೆದು ಕಲಿಯುವಂಥದ್ದಲ್ಲ ನೋಡಿ. ಯಾರೋ ಸಂತೆಯಲ್ಲೋ ಜಗಳದಲ್ಲೋ ಆಡಿದಾಗ ಕಿವಿಗೆ ಬೀಳಬೇಕು. ಮೋಗ್ಲಿಂಗ್ ತಮ್ಮ ಶಾಲೆಯ ಹುಡುಗರ ಜೊತೆಯಲ್ಲೇ ವಾಸವಿದ್ದರು. ಎದುರಿನವರಿಗೆ ಜರ್ಮನ್ ಬಾರದು, ಇಂಗ್ಲಿಷೂ ಅಪರೂಪ. ತಪ್ಪೋ ಸರಿಯೋ, ಕನ್ನಡದಲ್ಲೇ ಆಡಬೇಕು. ಜನರೂ ಕನ್ನಡದಲ್ಲೇ ಉತ್ತರ ಕೊಟ್ಟರು.

ಉಲ್ಟಾ ಪ್ರಯಾಣವೂ ಉಂಟು. ಅವರ ಶಿಷ್ಯ, ಮಂಗಳೂರಿನ ಆನಂದರಾವ್ ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋದರು. ಜರ್ಮನ್ ಆಡುವ ಆ ಊರಲ್ಲಿ ಓದಿ 1851ರಲ್ಲಿ ಮರಳಿದರು.

ಕಲಿಯುವವನ ಛಲದ ಬಗ್ಗೆ ಎಲ್ಲರೂ ಬರೀತಾರೆ. ಮೋಗ್ಲಿಂಗರ ಅರೆಬರೆ ಕನ್ನಡ ಕೇಳಿಸಿಕೊಂಡು, ನಕ್ಕು, ತಿದ್ದಿ, ಮತ್ತೆ ಮಾತಾಡಿಸಿದ ಮಂಗಳೂರಿನವರ ಹೆಸರು ಎಷ್ಟು ಜನಕ್ಕೆ ಗೊತ್ತು? ನನ್ನ ಲೆಕ್ಕದಲ್ಲಿ ಅವರೇ ಗುರುಗಳು.

ಇದನ್ನು ಯೋಚಿಸುವಾಗ ನನಗೇ ನಾಚಿಕೆಯಾಯ್ತು. ಬೆಂಗಳೂರಿನ ಆಫೀಸಿನಲ್ಲಿ ಪಟ್ನಾದ ಗೆಳೆಯನೊಬ್ಬ ದಿನಾ ‘ಊಟ ಆಯ್ತಾ?’ ಅಂತ ಕೇಳುತ್ತಿದ್ದ. ನಾನು ‘ಯಾ, ಡನ್’ ಅಂತಿದ್ದೆ. ನಾಲ್ಕು ತಿಂಗಳಾದ ಮೇಲೆ ಕೇಳೋದೇ ಬಿಟ್ಟ. ‘ಹೊರಗಿನವರು ಕನ್ನಡ ಕಲಿಯೋಲ್ಲ’ ಅಂತ ಬೈಯೋದರಲ್ಲಿ ಮಾತ್ರ ನಾನೇ ಮುಂದು!

ಮೊನ್ನೆ ಅವನಿಗೆ ಫೋನ್ ಮಾಡಿ ‘ಊಟ ಆಯ್ತೇನೋ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು, ನಿಮ್ದು?’ ಅಂದ.

ನಿಮ್ಮ ಪಕ್ಕದ ಸೀಟಿನಲ್ಲೂ ಇಂಥವರೊಬ್ಬರು ಇರಬೇಕಲ್ವಾ?