ಕಡಲಿಲ್ಲದ ಊರಲ್ಲಿ ಹವಳದ ಟ್ಯಾಂಕು

ಶಂಶಾಬಾದಿನಿಂದ ಕಡಲು ಸುಮಾರು 300 ಕಿ.ಮೀ. ಇಲ್ಲಿ ಕೂತು ಉಪ್ಪುನೀರಿನ ಟ್ಯಾಂಕ್ ಇಡ್ತೀನಿ ಅಂದ್ರೆ ಮೊದಲ ಪ್ರಶ್ನೆ ದುಡ್ಡಿಂದೇ. ಸ್ಕಿಮ್ಮರ್, ಲೈಟು, ಪಂಪುಗಳ ಬೆಲೆ ನೋಡಿ ನಾನೂ ಲ್ಯಾಪ್‌ಟಾಪ್ ಮುಚ್ಚಿದ್ದೆ. ಆದ್ರೆ ಹವಳ ಸಾಕಿದ ಮೊದಲಿಗರ ಹತ್ತಿರ ಇದ್ಯಾವುದೂ ಇರಲಿಲ್ಲ.

1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳಗಳನ್ನು ಕಲ್ಲಿನ ಜಾಡಿಯಲ್ಲಿ ಲಂಡನ್ನಿಗೆ ತಂದರು. ನೀರಿಗೆ ಗಾಳಿ? ಮನೆಗೆಲಸದವಳು ದಿನಾ ತೆರೆದ ಕಿಟಕಿ ಮುಂದೆ ನಿಂತು, ನಾವು ಕಾಫಿ ಆರಿಸೋ ಹಾಗೆ, ಅರ್ಧ ಮುಕ್ಕಾಲು ಗಂಟೆ ನೀರನ್ನು ಎತ್ತಿ ಎತ್ತಿ ಸುರೀತಿದ್ದಳು. ನನಗಂತೂ ಈ ಕಥೆಯ ನಿಜವಾದ ಪಂಪು ಆ ಹೆಂಗಸೇ.

1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಇನ್ನೂ ಸರಳ ದಾರಿ ಬರೆದರು: ಕಡಲಿನ ಜೀವಂತ ಕಲ್ಲು, ಗಾಳಿಗುಳ್ಳೆ, ಬಿಸಿಲು. ಕಲ್ಲಿನೊಳಗಿನ ಬ್ಯಾಕ್ಟೀರಿಯಾನೇ ಫಿಲ್ಟರ್.

ಅಂಥದ್ದೇ ಕಲ್ಲನ್ನು ಅಂಗಡಿಯವನೊಬ್ಬ ನನಗೆ ಅಗ್ಗಕ್ಕೆ ಕೊಡ್ತೀನಿ ಅಂದ. ಹವಳ ಅಂಟಿಕೊಂಡೇ ಇತ್ತು. 2001ರಿಂದ ನಮ್ಮಲ್ಲಿ ಕಲ್ಲುಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆ. ಬೇಡ ಅಂದೆ.

ಒಣ ಸೆರಾಮಿಕ್ ಕಲ್ಲು ತಂದು, ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, ಬ್ಯಾಕ್ಟೀರಿಯಾ ಬೆಳೀಲಿ ಅಂತ ಕಾಯ್ತಿದ್ದೀನಿ. ಇದು ಆರನೇ ವಾರ. ಮೀನಿನ್ನೂ ಇಲ್ಲ, ಗಾಜಿನ ಮೇಲೆ ಕಂದು ಪಾಚಿ ಮಾತ್ರ.